ಶಿಲಾಫಲಕವೂ ಸೋರುವ ತಾರಸಿಯೂ

ನಮ್ಮ ಊರುಗಳಲ್ಲಿ ಸಾರ್ವಜನಿಕ ಸೇವೆಗೆಂದು ಎದ್ದುನಿಂತಿರುವ ಕಟ್ಟಡಗಳ ಮುಂಬಾಗಿಲಲ್ಲಿ ಒಂದು ಶಿಲಾಫಲಕವಿರುವುದನ್ನು ತಾವೆಲ್ಲರೂ ಕಂಡಿದ್ದೀರಿ. ಅಸ್ತಿಭಾರವನ್ನು ಹಾಕಿದವರು ಯಾರು, ಪ್ರಾರಂಭೋತ್ಸವವನ್ನು ನೆರವೇರಿಸಿದವರು ಯಾರು, ಯಾವ ಮಹನೀಯರು ಎಷ್ಟು ಹಣವನ್ನು ದಾನ ಮಾಡಿದರು ಎಂಬ ವಿವರಗಳೆಲ್ಲ ಅದರಲ್ಲಿ ಅಂದವಾಗಿ ಕೆತ್ತಲ್ಪಟ್ಟಿರುತ್ತವೆ. ಆದರೆ, ಈ ತಾರಸಿಯ ಬಿರುಕನ್ನು ಇಂಥವರು ಮುಚ್ಚಿಸಿದರು, ಈ ಚರಂಡಿಯನ್ನು ಇಂಥವರು ಸರಿಪಡಿಸಿದರು ಎಂದು ಕೆತ್ತಿಸಿದ ಫಲಕವೊಂದನ್ನು ನಾನು ಈವರೆಗೆ ಕಂಡಿಲ್ಲ, ತಾವೂ ಕಂಡಿರಲಾರಿರಿ. ಮೇಲುನೋಟಕ್ಕೆ ಅಲ್ಪವೆಂದು ತೋರುವ ಈ ಸಂಗತಿಯಲ್ಲಿ ನಮ್ಮ ಸೇವಾಸಂಸ್ಥೆಗಳ ಒಂದು ದೊಡ್ಡ ಸಂಕಟ ಅಡಗಿದೆ. ಆ ಸಂಕಟವೇ ಈ ದಿನದ ನನ್ನ ಭಾಷಣದ ವಿಷಯ.

ಸೇವೆ ಯಾವಾಗಲೂ ದೊಡ್ಡ ಕಟ್ಟಡದಲ್ಲಿಯೇ ಹುಟ್ಟುವುದಿಲ್ಲ. ೧೯೩೫ರಲ್ಲಿ ಮೈಸೂರಿನ ಆಕಾಶವಾಣಿ ಮೊದಲು ನುಡಿದದ್ದು ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರ ಸ್ವಂತ ಮನೆಯಿಂದ. ಬಾಲವಾಡಿಗಳು, ರಾತ್ರಿಶಾಲೆಗಳು, ಹೊಲಿಗೆಯ ತರಗತಿಗಳು, ಉಚಿತ ಔಷಧಾಲಯಗಳು ಸಹ ಹೀಗೆಯೇ ಯಾರೋ ಪುಣ್ಯವಂತರು ಬಿಟ್ಟುಕೊಟ್ಟ ಒಂದು ಜಗುಲಿಯಲ್ಲಿ, ಒಂದು ನಡುಮನೆಯಲ್ಲಿ ಆರಂಭವಾಗುತ್ತವೆ. ಆದರೆ ಜಗುಲಿಯಲ್ಲಿ ಹುಟ್ಟಿದ ಮಗು ಜಗುಲಿಯಲ್ಲಿಯೇ ಬೆಳೆಯಲಾರದು. ಔಷಧಿಗಳಿಗೆ ತೇವವಿಲ್ಲದ ಬೀರು ಬೇಕು. ಮನೆಯ ಕಷ್ಟವನ್ನು ಹೇಳಿಕೊಳ್ಳಲು ಬಂದ ಹೆಂಗಸಿಗೆ, ಹೊರಗೆ ಕುಳಿತವರ ಕಿವಿಗೆ ಮಾತು ಬೀಳದಂಥ ಒಂದು ಕೊಠಡಿ ಬೇಕು. ಕಾಲಿಲ್ಲದವನು ಒಳಗೆ ಬರಬೇಕಾದರೆ ಮೆಟ್ಟಿಲಿನ ಪಕ್ಕದಲ್ಲಿ ಒಂದು ಇಳಿಜಾರು ದಾರಿ ಬೇಕು. ಮಕ್ಕಳಿದ್ದಲ್ಲಿ ಶುಚಿಯಾದ ಶೌಚಗೃಹ ಬೇಕು. ಇವು ಆಡಂಬರಗಳಲ್ಲ, ಇವು ಇಲ್ಲದಿದ್ದರೆ ಸೇವೆಯೇ ಅರೆಯಾಗುತ್ತದೆ. ಆದುದರಿಂದ ಸಂಸ್ಥೆಯವರು ಸ್ಥಳಕ್ಕಾಗಿ, ಕಟ್ಟಡಕ್ಕಾಗಿ ಹಣ ಕೇಳಿದರೆ ಅದನ್ನು ದುರಾಸೆಯೆಂದು ಯಾರೂ ಭಾವಿಸಬೇಕಾಗಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಾನು ಒಂದು ಸೇವಾಸಂಘದ ಕಾರ್ಯಸಮಿತಿಯಲ್ಲಿದ್ದೆ. ಸಂಘದ ಹೆಸರು ಇಲ್ಲಿ ಬೇಡ. ಅದಕ್ಕೊಂದು ಹಳೆಯ ಕಟ್ಟಡವಿತ್ತು. ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಓರೆಯಾಗಿ ಜೋಡಿಸಿ, ಮೇಲೆ ಸುಣ್ಣದ ಗಾರೆ ಹಾಕಿದ ಮದರಾಸು ತಾರಸಿ. ಕೆಳಗಿನ ಎರಡು ಕೊಠಡಿಗಳಲ್ಲಿ ಬೆಳಗ್ಗೆ ಬಾಲವಾಡಿ, ಮಧ್ಯಾಹ್ನ ಹೊಲಿಗೆಯ ತರಗತಿ, ಭಾನುವಾರಗಳಲ್ಲಿ ಔಷಧಾಲಯ. ಕೈಪಿಡಿಗೋಡೆಯ ಸಂದಿನಲ್ಲಿ ಒಂದು ಅಶ್ವತ್ಥದ ಸಸಿ ಹುಟ್ಟಿತ್ತು. ನಾವೆಲ್ಲರೂ ಅದನ್ನು ನೋಡುತ್ತಿದ್ದೆವು. ಕೀಳಿಸುವ ಯೋಚನೆ ಯಾರಿಗೂ ಬರಲಿಲ್ಲ. ಅಷ್ಟರಲ್ಲಿ ಉದಾರಿಗಳಾದ ಒಬ್ಬ ಗೃಹಸ್ಥರು ತಮ್ಮ ತಂದೆಯವರ ಸ್ಮಾರಕವಾಗಿ ಪಕ್ಕದ ನಿವೇಶನದಲ್ಲಿ ಒಂದು ಸಭಾಂಗಣವನ್ನು ಕಟ್ಟಿಸಿಕೊಡಲು ಮುಂದೆ ಬಂದರು. ಸಮಿತಿಯಲ್ಲಿ ಒಬ್ಬ ವೃದ್ಧ ಸದಸ್ಯರು ಮಾತ್ರ, “ಮೊದಲು ಹಳೆಯ ತಾರಸಿಯನ್ನು ನೋಡಿಕೊಳ್ಳೋಣ, ದಾತರಿಗೆ ಹಾಗೆಂದು ತಿಳಿಸೋಣ” ಎಂದರು. ದಾತರ ಮನಸ್ಸು ಎಲ್ಲಿ ಮುರಿಯುವುದೋ ಎಂಬ ಭಯದಿಂದ ನಾವು ಉಳಿದವರೆಲ್ಲರೂ ಆ ಮಾತನ್ನು ತಳ್ಳಿಹಾಕಿದೆವು. ಹಾಗೆ ಕೈಯೆತ್ತಿದವರಲ್ಲಿ ನಾನೂ ಒಬ್ಬ.

ಸಭಾಂಗಣವೇನೋ ಎದ್ದಿತು, ಫಲಕವೂ ಬಂದಿತು. ಹಳೆಯ ತಾರಸಿಯ ಬಿರುಕಿಗೆ ಮಿಕ್ಕುಳಿದ ಸಿಮೆಂಟನ್ನೇ ಮೆತ್ತಿಸಿದೆವು. ಸುಣ್ಣದ ಗಾರೆಗೂ ಸಿಮೆಂಟಿಗೂ ಹೊಂದಿಕೆಯಿಲ್ಲವೆಂಬುದೂ, ಒಳಗೆ ಸೇರಿದ ನೀರು ಹೊರಬರಲಾರದೆ ತೊಲೆಯ ತುದಿಗಳನ್ನು ಕೊಳೆಸುವುದೆಂಬುದೂ ಆಗ ನಮಗೆ ತಿಳಿದಿರಲಿಲ್ಲ; ತಿಳಿದವರನ್ನು ಕೇಳಲೂ ಇಲ್ಲ. ಎರಡನೆಯ ಮಳೆಗಾಲದಲ್ಲಿ ಒಂದು ತೊಲೆ ಬಾಗಿತು. ಕೊಠಡಿಗಳಿಗೆ ಬೀಗ ಬಿದ್ದಿತು. ಬಾಲವಾಡಿಯನ್ನು ಸಭಾಂಗಣಕ್ಕೆ ಸಾಗಿಸೋಣವೆಂದರೆ, ಅದರ ದೀಪದ ಖರ್ಚಿಗೂ ಜವಾನನ ಸಂಬಳಕ್ಕೂ ಬೇರೆ ದಾರಿಯಿಲ್ಲದೆ ಮದುವೆ ಮುಂಜಿಗಳಿಗೆ ಅದನ್ನು ಬಾಡಿಗೆಗೆ ಕೊಟ್ಟಿದ್ದೆವು. ನಾಲ್ಕು ತಿಂಗಳು ಔಷಧಾಲಯ ನಡೆಯಲಿಲ್ಲ. ಒಂದು ಭಾನುವಾರ ನಾನು ಲೆಕ್ಕದ ಪುಸ್ತಕಕ್ಕೆಂದು ಹೋಗಿದ್ದಾಗ, ಮುದುಕಿಯೊಬ್ಬಳು ಬೀಗವನ್ನು ನೋಡಿ, ಔಷಧಿಯ ಖಾಲಿ ಸೀಸೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹಿಂದಿರುಗಿದಳು. ನನ್ನನ್ನು ಅವಳು ಏನೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು. ಸೇವೆಗಾಗಿ ಕಟ್ಟಡ ಎಂದು ಹೊರಟವರು, ಕಟ್ಟಡಕ್ಕಾಗಿ ಸೇವೆಯನ್ನು ನಿಲ್ಲಿಸಿದ್ದೆವು.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ನಮಗಿಂತ ಜಾಣರಾಗಿದ್ದರೆಂದು ನನಗೆ ತೋರುತ್ತದೆ. ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ “ಖಂಡಸ್ಫುಟಿತ ಜೀರ್ಣೋದ್ಧಾರ” ಎಂಬ ಮಾತು ಚಿರಪರಿಚಿತವಾದದ್ದು. ಒಡೆದದ್ದನ್ನೂ ಬಿರಿದದ್ದನ್ನೂ ಸರಿಮಾಡುವುದು ಎಂದು ಅದರ ಅರ್ಥ. ದೇವಾಲಯವನ್ನು ಅಥವಾ ಬಸದಿಯನ್ನು ಕಟ್ಟಿಸಿದವರು ಪೂಜೆಗೆ, ಅನ್ನದಾನಕ್ಕೆ ಭೂಮಿಯನ್ನು ಬಿಟ್ಟಂತೆಯೇ, ಮುಂದೆ ಒಡೆಯಬಹುದಾದ ಗೋಡೆಗೂ ಅದೇ ಶಾಸನದಲ್ಲಿ ಉತ್ಪನ್ನವನ್ನು ಬಿಡುತ್ತಿದ್ದರು. ಕಟ್ಟಡವಿನ್ನೂ ಹೊಸತಾಗಿರುವಾಗಲೇ, ಅದು ಹಳೆಯದಾಗುವುದೆಂಬ ವಿವೇಕ ಅವರಲ್ಲಿತ್ತು. ಕೆರೆಗಳ ವಿಷಯವೂ ಹೀಗೆಯೇ. ಕಟ್ಟುಕೊಡಗೆ, ಬಿತ್ತುವಟ್ಟ ಮೊದಲಾದ ಹೆಸರುಗಳಿಂದ ಭೂಮಿಯನ್ನೋ ಬೆಳೆಯ ಪಾಲನ್ನೋ ಕೆರೆಯ ಸಲುವಾಗಿ ಮೀಸಲಿಡುತ್ತಿದ್ದರು. ಹೂಳನ್ನು ಹೊರುವ ಬಂಡಿಯ ವೆಚ್ಚವನ್ನು ಸಹ ಕೆಲವು ಶಾಸನಗಳು ಮರೆತಿಲ್ಲ. ದಾನವೆಂದರೆ ಒಂದು ದಿನದ ಉತ್ಸವವಲ್ಲ, ನಿರಂತರವಾದ ಹೊಣೆ ಎಂಬ ಭಾವನೆ ಇದರಲ್ಲಿ ಸ್ಪಷ್ಟವಾಗಿದೆ.

ಪಶ್ಚಿಮ ದೇಶಗಳಲ್ಲಿಯೂ ಈ ಪ್ರಶ್ನೆಯನ್ನು ಕುರಿತು ಯೋಚಿಸಿದವರಿದ್ದಾರೆ. ಆಂಡ್ರೂ ಕಾರ್ನೆಗಿ ಎಂಬ ಸ್ಕಾಟ್ಲೆಂಡಿನ ಬಡ ನೇಯಿಗೆಯವನ ಮಗ ಅಮೆರಿಕಕ್ಕೆ ಹೋಗಿ, ಉಕ್ಕಿನ ಉದ್ಯಮದಿಂದ ಕುಬೇರನಾದನು. ಆತನ ಹಣದಿಂದ ಪ್ರಪಂಚದಲ್ಲಿ ೨,೫೦೯ ಪುಸ್ತಕ ಭಂಡಾರಗಳು ಎದ್ದುವು. ಮೊದಲನೆಯದು ೧೮೮೩ರಲ್ಲಿ ಆತನ ಜನ್ಮಸ್ಥಳವಾದ ಡನ್‌ಫರ್ಮ್‌ಲಿನ್‌ನಲ್ಲಿ ತೆರೆಯಿತು. ಆದರೆ ಆತನು ಕೇಳಿದವರಿಗೆಲ್ಲ ಹಣವನ್ನು ಸುರಿದವನಲ್ಲ. ಅಮೆರಿಕದ ಊರುಗಳಿಗೆ ಆತನು ಸಾಮಾನ್ಯವಾಗಿ ಹಾಕುತ್ತಿದ್ದ ನಿಬಂಧನೆಗಳು ಎರಡು. ನಿವೇಶನವನ್ನು ಊರಿನವರು ಒದಗಿಸಬೇಕು. ಕಟ್ಟಡಕ್ಕೆ ಕೊಟ್ಟ ಹಣದ ಹತ್ತರಲ್ಲೊಂದು ಪಾಲನ್ನು ಪ್ರತಿವರ್ಷವೂ ಸಾರ್ವಜನಿಕ ತೆರಿಗೆಯ ಹಣದಿಂದ ಅದರ ನಿರ್ವಹಣೆಗೆ ವಿನಿಯೋಗಿಸುವೆವೆಂದು ಅವರು ಮಾತು ಕೊಡಬೇಕು. ಹತ್ತು ಸಾವಿರ ಡಾಲರುಗಳ ಕಟ್ಟಡ ಬೇಕೆಂದರೆ, ವರ್ಷಕ್ಕೆ ಒಂದು ಸಾವಿರ ಡಾಲರುಗಳ ಹೊಣೆ ಹೊರಬೇಕು.

ಇಷ್ಟು ಎಚ್ಚರಿಕೆಯಿದ್ದರೂ ಕೆಲವು ಊರುಗಳು ಕೊಟ್ಟ ಮಾತನ್ನು ಉಳಿಸಿಕೊಳ್ಳಲಿಲ್ಲ. ಕಾರ್ನೆಗಿ ಸಂಸ್ಥೆಯವರು ಆಲ್ವಿನ್ ಜಾನ್ಸನ್ ಎಂಬ ಅರ್ಥಶಾಸ್ತ್ರಜ್ಞರನ್ನು ಪರಿಶೀಲನೆಗೆ ನೇಮಿಸಿದರು. ಕಟ್ಟಡಗಳಿಗಿಂತ ಹೆಚ್ಚಾಗಿ, ಅವುಗಳನ್ನು ನಡೆಸುವ ಶಿಕ್ಷಿತರಾದ ಜನ ಬೇಕಾಗಿದ್ದಾರೆಂದು ಅವರು ೧೯೧೬ರಲ್ಲಿ ವರದಿ ಒಪ್ಪಿಸಿದರು. ಮರುವರ್ಷವೇ ಹೊಸ ಕಟ್ಟಡಗಳಿಗೆ ಸಹಾಯಧನ ಕೊಡುವ ಪದ್ಧತಿ ನಿಂತಿತು. ಇದರಿಂದ ನಾವು ಕಲಿಯಬೇಕಾದ ಪಾಠ ಇಷ್ಟೇ: ಕಾಗದದ ಮೇಲಿನ ವಾಗ್ದಾನ ಸಾಲದು, ಆ ವಾಗ್ದಾನವನ್ನು ವರ್ಷ ವರ್ಷವೂ ಜ್ಞಾಪಿಸುವವರೂ ಬೇಕು.

ನಮ್ಮಲ್ಲಿ ಇದಕ್ಕೆ ಒಳ್ಳೆಯ ಮೇಲ್ಪಂಕ್ತಿಗಳು ಇಲ್ಲದೆ ಇಲ್ಲ. ೧೯೬೫ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಮೂಲಕ ನಮ್ಮ ರಾಜ್ಯವು ಆಸ್ತಿ ತೆರಿಗೆಯೊಡನೆ ಒಂದು ಗ್ರಂಥಾಲಯ ಕರವನ್ನು ಸೇರಿಸಿತು. ದಾತರ ಔದಾರ್ಯವನ್ನು ಕಾದು ಕುಳಿತಿರದೆ, ಮನೆಯುಳ್ಳ ಪ್ರತಿಯೊಬ್ಬನೂ ಅಲ್ಪಸ್ವಲ್ಪ ಕೊಟ್ಟು ಪುಸ್ತಕ ಭಂಡಾರವನ್ನು ಉಳಿಸಲಿ ಎಂಬುದು ಅದರ ಆಶಯ. ಡಿ. ವಿ. ಗುಂಡಪ್ಪನವರ ನಡತೆಯೂ ಸ್ಮರಣೀಯವಾದದ್ದು. ೧೯೭೦ರಲ್ಲಿ ಕನ್ನಡಿಗರು ಅವರನ್ನು ಸನ್ಮಾನಿಸಿ ಒಂದು ನಿಧಿಯನ್ನು ಅರ್ಪಿಸಿದಾಗ, ಅವರು ಅದನ್ನು ತಮ್ಮ ಮನೆಗೆ ಒಯ್ಯಲಿಲ್ಲ. ತಾವೇ ಕಟ್ಟಿ ಬೆಳೆಸಿದ್ದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಒಪ್ಪಿಸಿದರು. ಸಂಸ್ಥೆಯನ್ನು ಸ್ಥಾಪಿಸಿದ ಕಾಲು ಶತಮಾನದ ಮೇಲೆಯೂ ಅದರ ಹೊಣೆ ತಮ್ಮದೆಂದು ಅವರು ತಿಳಿದಿದ್ದರು.

ಇನ್ನು ಈಗಿನ ಕಾಲದ ಹಣದ ದಾರಿಗಳನ್ನು ಸ್ವಲ್ಪ ನೋಡೋಣ. ೨೦೧೩ರ ಕಂಪನಿ ಕಾಯಿದೆಯು ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡ ೨ ಭಾಗವನ್ನು ಸಾಮಾಜಿಕ ಕಾರ್ಯಗಳಿಗೆ ವ್ಯಯಿಸಬೇಕೆಂದು ವಿಧಿಸಿದೆ. ಈ ಹಣದಿಂದ ಕಟ್ಟಡವನ್ನೂ ಕಟ್ಟಬಹುದು. ಆದರೆ ೨೦೨೧ರ ತಿದ್ದುಪಡಿಯಂತೆ ಆ ಆಸ್ತಿ ಕಂಪನಿಯ ಕೈಯಲ್ಲಿ ಉಳಿಯತಕ್ಕದ್ದಲ್ಲ. ನೋಂದಾಯಿತ ಸಾರ್ವಜನಿಕ ನ್ಯಾಸ, ಸಂಘ ಮೊದಲಾದವುಗಳ ಅಥವಾ ಸಾರ್ವಜನಿಕ ಪ್ರಾಧಿಕಾರದ ಕೈಯಲ್ಲಿರಬೇಕು. ಎಂದರೆ, ಕೊಟ್ಟವರು ಹೊರಟುಹೋದ ಮೇಲೆ ಅದರ ಭಾರ ಹೊರುವವರು ನಾವೇ. ೧೯೯೩ರಲ್ಲಿ ಹುಟ್ಟಿದ ಸಂಸತ್ಸದಸ್ಯರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯನ್ನು ನೋಡಿ. ಅದರ ಹಣದಿಂದ ಹಲವು ಊರುಗಳಲ್ಲಿ ಸಮುದಾಯ ಭವನಗಳು ಎದ್ದಿವೆ. ಆದರೆ ಅದರ ನಿಯಮಾವಳಿ ಬಹುಕಾಲ ದುರಸ್ತಿಯ ಕೆಲಸಗಳನ್ನು ಹೊರಗಿಟ್ಟಿತ್ತು. ಹೀಗೆ ಖಾಸಗಿ ದಾತರಂತೆಯೇ ಸರಕಾರದ ಹಣಕ್ಕೂ ಹೊಸತರ ಮೇಲೆ ಒಲವು. ಹಳೆಯದು ಯಾರ ಪಾಲಿಗೂ ಬಾರದೆ ಉಳಿಯುತ್ತದೆ.

ಹಾಗಾದರೆ ಉಪಾಯವೇನು? ನನ್ನ ತಪ್ಪಿನಿಂದ ಕಲಿತದ್ದನ್ನು ನಾಲ್ಕು ಮಾತುಗಳಲ್ಲಿ ನಿವೇದಿಸುತ್ತೇನೆ.

ಮೊದಲನೆಯದಾಗಿ, ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಬಲ್ಲ ಇಂಜಿನಿಯರೊಬ್ಬರನ್ನು ಕರೆತಂದು ಕಟ್ಟಡವನ್ನು ತೋರಿಸಿ, ಅವರು ಹೇಳಿದ್ದನ್ನು ಬರೆದಿಡಬೇಕು. ಹಣವಿಲ್ಲದಿದ್ದರೂ ಪಟ್ಟಿಯಿರಲಿ, ಪಟ್ಟಿಯಿದ್ದರೆ ದಾತರು ಬಂದಾಗ ಏನನ್ನು ಕೇಳಬೇಕೆಂಬುದು ತಿಳಿದಿರುತ್ತದೆ.

ಎರಡನೆಯದು, ಹೊಸ ಸ್ಥಳಕ್ಕೆ ಕೈ ಹಾಕುವ ಮೊದಲು ಹಳೆಯದರಲ್ಲಿ ನಡೆಯುತ್ತಿರುವ ಸೇವೆ ಸುರಕ್ಷಿತವಾಗಿದೆಯೇ ಎಂದು ಕೇಳಿಕೊಳ್ಳಬೇಕು. ದಾತರಿಗೆ ಸತ್ಯವನ್ನು ತಿಳಿಸಲು ಹೆದರಬಾರದು. ಒಳ್ಳೆಯ ಮನಸ್ಸಿನಿಂದ ಕೊಡಬಂದವರು ಒಳ್ಳೆಯ ಕಾರಣವನ್ನು ಕೇಳಿ ಕೋಪಿಸಿಕೊಳ್ಳುವುದು ಅಪೂರ್ವ. ನಾವು ಕೇಳದೆಯೇ ಅವರನ್ನು ಸಣ್ಣವರೆಂದು ಎಣಿಸಿದ್ದೆವು.

ಮೂರನೆಯದು, ಕಟ್ಟಡದ ಹಣವನ್ನು ಸ್ವೀಕರಿಸುವಾಗಲೇ ರಕ್ಷಣೆಯ ಹಣವನ್ನೂ ಲೆಕ್ಕ ಹಾಕಬೇಕು. ಸಾರ್ವಜನಿಕ ಕಟ್ಟಡದ ಈಗಿನ ಬೆಲೆಯ ಶೇಕಡ ೨ರಿಂದ ೪ರಷ್ಟನ್ನು ಪ್ರತಿವರ್ಷ ಅದರ ರಕ್ಷಣೆ ಮತ್ತು ದುರಸ್ತಿಗೆ ಮೀಸಲಿಡುವುದು ಯೋಗ್ಯವೆಂದು ೧೯೯೦ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನ ಮಂಡಲಿ ಅಭಿಪ್ರಾಯಪಟ್ಟಿತು. ಈ ಲೆಕ್ಕದಂತೆ, ಐವತ್ತು ಲಕ್ಷ ರೂಪಾಯಿ ಬೆಲೆಯ ಕಟ್ಟಡಕ್ಕೆ ವರ್ಷಕ್ಕೆ ಒಂದರಿಂದ ಎರಡು ಲಕ್ಷ ಬೇಕು. ಇದು ಎಲ್ಲಿಂದ ಬರುವುದೆಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ, ಐವತ್ತು ಲಕ್ಷದ ಕಟ್ಟಡದ ಬದಲು ನಲವತ್ತು ಲಕ್ಷದ್ದನ್ನು ಕಟ್ಟಿ, ಮಿಕ್ಕ ಹತ್ತು ಲಕ್ಷವನ್ನು ಠೇವಣಿಯಿಡಲು ದಾತರ ಒಪ್ಪಿಗೆಯನ್ನು ಬೇಡುವುದು ಮೇಲು.

ನಾಲ್ಕನೆಯದು, ಲೆಕ್ಕ. ಸಭಾಂಗಣವನ್ನು ಬಾಡಿಗೆಗೆ ಕೊಡುವುದು ತಪ್ಪಲ್ಲ; ಆದರೆ ವಾರದಲ್ಲಿ ಯಾವ ದಿನಗಳು ಸೇವೆಗೆ, ಯಾವ ದಿನಗಳು ಬಾಡಿಗೆಗೆ ಎಂಬುದನ್ನು ಮೊದಲೇ ನಿರ್ಣಯಿಸಿ, ಬಂದ ಹಣವನ್ನೂ ಹೋದ ಹಣವನ್ನೂ ವರ್ಷಕ್ಕೊಮ್ಮೆ ಬಡಾವಣೆಯ ಜನರ ಮುಂದೆ ಓದಬೇಕು. ಲೆಕ್ಕವನ್ನು ಕೇಳಿದವನು ಮುಂದಿನ ವರ್ಷ ಕೈಲಾದಷ್ಟು ಕೊಡುತ್ತಾನೆ. ನೂರು ಮನೆಗಳಿಂದ ತಿಂಗಳಿಗೆ ನೂರು ರೂಪಾಯಿ ಬಂದರೆ ವರ್ಷಕ್ಕೆ ಒಂದು ಲಕ್ಷದ ಇಪ್ಪತ್ತು ಸಾವಿರವಾಯಿತು. ಇದಕ್ಕೆ ಕುಬೇರನು ಬೇಕಾಗಿಲ್ಲ.

ನಮ್ಮ ಸಂಘದ ಕಥೆ ಏನಾಯಿತೆಂದು ತಾವು ಕೇಳಬಹುದು. ಸಭಾಂಗಣವನ್ನು ಕಟ್ಟಿಸಿಕೊಟ್ಟ ಗೃಹಸ್ಥರಿಗೆ ಕೊನೆಗೆ ನಾವೇ ಹೋಗಿ ನಡೆದದ್ದನ್ನು ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನು ಮೊದಲೇ ಏಕೆ ಹೇಳಲಿಲ್ಲ?” ಎಂದರು. ತೊಲೆಗಳನ್ನು ಬದಲಾಯಿಸುವ ವೆಚ್ಚದಲ್ಲಿ ಅರ್ಧವನ್ನು ಅವರೇ ಕೊಟ್ಟರು. ಉಳಿದರ್ಧವನ್ನು ನಾವು ಮನೆಮನೆಗೆ ಹೋಗಿ ಕೂಡಿಸಿದೆವು. ಸುಣ್ಣದ ಗಾರೆಯ ಕೆಲಸವನ್ನು ಬಲ್ಲ ಹಳೆಯ ಮೇಸ್ತ್ರಿಯೊಬ್ಬರನ್ನು ಹುಡುಕಿ ತಂದೆವು. ಬಾಲವಾಡಿ ಮತ್ತೆ ತೆರೆಯಿತು, ಔಷಧಾಲಯವೂ ತೆರೆಯಿತು. ಆದರೆ ಸೀಸೆಯನ್ನು ಸೆರಗಿಗೆ ಕಟ್ಟಿಕೊಂಡು ಹೋದ ಆ ಮುದುಕಿ ಮರಳಿ ಬಂದದ್ದನ್ನು ನಾನು ನೋಡಲಿಲ್ಲ.

ಆದುದರಿಂದ, ಮಹನೀಯರೇ, ಮಹಿಳೆಯರೇ, ತಮ್ಮ ಬಡಾವಣೆಯ ಸೇವಾಸಂಸ್ಥೆಯ ಬಾಗಿಲಿಗೆ ಮುಂದೆ ಎಂದಾದರೂ ಹೋದಾಗ, ಶಿಲಾಫಲಕವನ್ನು ಓದಿದ ಮೇಲೆ ದಯಮಾಡಿ ಒಮ್ಮೆ ತಲೆಯೆತ್ತಿ ತಾರಸಿಯನ್ನೂ ನೋಡಿ. ಅಲ್ಲಿ ಒಂದು ಅಶ್ವತ್ಥದ ಸಸಿ ಕಂಡರೆ, ಅದು ಚಿಕ್ಕದಾಗಿರುವಾಗಲೇ ಕೀಳಿಸಿ. ಆ ಕೆಲಸಕ್ಕೆ ಫಲಕ ಬರುವುದಿಲ್ಲ. ಆದರೆ ಭಾನುವಾರ ಔಷಧಾಲಯದ ಬಾಗಿಲು ತೆರೆದಿರುತ್ತದೆ.