ಕಾಮಗಾರಿ ದಾಖಲೆಗಳ ಶೋಧನೆ



ಗಾಂಧಿ ಸಾಕ್ಷಿ ಕಾಯಕ ತಂತ್ರಾಂಶವು ಕಾಮಗಾರಿಯ ಅಂದಾಜಿನಿಂದ ಬಿಲ್ ಪಾವತಿಯವರೆಗಿನ ದಾಖಲೆಗಳನ್ನು ಒಳಗೊಂಡಿದೆ. ಹೆಸರಿನಿಂದ ಹುಡುಕಿದರೆ ಮಾತ್ರ ತೊಡಕು. ಶರಣಬಸವೇಶ್ವರ ದೇವಸ್ಥಾನದ ಬಳಿ ಚರಂಡಿಯೊಂದು ನಿರ್ಮಾಣವಾಗಿದೆ ಎನ್ನಿ. ಒಮ್ಮೆ ‘ದೇವಸ್ಥಾನ’ವೆಂದೂ ಮತ್ತೊಮ್ಮೆ ‘ಶರಣಬಸಪ್ಪನ ಗುಡಿ’ಯೆಂದೂ ನಮೂದಾಗಿರಬಹುದು. ನಮಗೆ ಗುಡಿ ಒಂದೇ, ಗಣಕಯಂತ್ರಕ್ಕೆ ಎರಡು! ಒಂದೇ ಚರಂಡಿಗೆ ಎರಡು ಬಿಲ್ಲುಗಳಾಗಿದ್ದರೂ ಪಟ್ಟಿಯಲ್ಲಿ ಒಂದೇ ಕಾಣುವುದು.

ಆದುದರಿಂದ ಗ್ರಾಮ ಹಾಗೂ ಆರ್ಥಿಕ ವರ್ಷದ ಆಧಾರದಲ್ಲಿ ಪಟ್ಟಿಯನ್ನು ಸೋಸಿ, ಸಂಕೇತ ಸಂಖ್ಯೆಗಳನ್ನು ಅಳತೆ ಪುಸ್ತಕದೊಂದಿಗೆ ತಾಳೆ ನೋಡತಕ್ಕದ್ದು. ಎಪಿಐ ಮೂಲಕ ಪಡೆಯುವ ದತ್ತಾಂಶವು ಸಾಮಾನ್ಯವಾಗಿ ಪುಟಪುಟವಾಗಿ ಬರುತ್ತದೆ. ಮೊದಲ ಪುಟವೇ ಪೂರ್ಣ ಪಟ್ಟಿಯಲ್ಲ.

ನರೇಗಾ ಕಾಮಗಾರಿಗಳಿಗೆ 2017ರ ನವೆಂಬರ್ 1ರಿಂದ ಆರಂಭಕ್ಕೆ ಮುನ್ನ, ನಡುವೆ, ಮುಗಿದ ಬಳಿಕ ಎಂದು ಮೂರು ಹಂತಗಳ ಜಿಯೋಟ್ಯಾಗ್ ಜಾರಿಗೆ ಬಂದಿತು. ಎರಡು ಸಂಕೇತಗಳಿಗೆ ಒಂದೇ ಅಕ್ಷಾಂಶ-ರೇಖಾಂಶ ಕಂಡುಬಂದಲ್ಲಿ, ಬಿಲ್ಲಿಗೆ ಅನುಮೋದನೆ ನೀಡುವ ಮೊದಲು ಸ್ಥಳಕ್ಕೇ ಹೋಗಿ ನೋಡೋಣ.