ತೋರಿಸುವ ಎಲೆ, ಮುಚ್ಚಿಡುವ ಲೆಕ್ಕ

(ಮದ್ದೂರಿನಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)

ಸಂಗಾತಿಗಳೆ, ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದಿರುವ ಬಂಧುಗಳೆ, ಅಂಗಡಿಯ ಬಾಗಿಲು ಹಾಕಿಕೊಂಡು ಬಂದಿರುವ ಮಿತ್ರರೆ,

ಇಂದಿನ ವಿಷಯ ಕೇಳಿ ಕೆಲವರು ನಕ್ಕಾರು. ಕಬ್ಬಿನ ಬಾಕಿ, ಕೂಲಿಯ ದರ, ನಾಲೆಯ ನೀರು ಇವೆಲ್ಲ ಇರುವಾಗ ಟಿ.ವಿ.ಯಲ್ಲಿ ಬರುವ ಇಸ್ಪೀಟಾಟದ ಮಾತೇಕೆ ಎಂದು ಕೇಳಿಯಾರು. ಕಾರಣ ಉಂಟು. ದುಡಿದವನ ಹಣ ಕೈಗೆ ಬರುವ ದಾರಿಯನ್ನು ಕುರಿತು ನಾವು ಎಷ್ಟೋ ಸಭೆ ನಡೆಸಿದ್ದೇವೆ. ಕೈಗೆ ಬಂದ ಹಣ ಮನೆ ಸೇರುವ ಮುನ್ನವೇ ಸೋರಿಹೋಗುವ ದಾರಿಯನ್ನು ಕುರಿತು ಒಂದು ಸಭೆಯನ್ನಾದರೂ ನಡೆಸಬೇಡವೆ? ಮಂಡ್ಯ, ಮದ್ದೂರು, ಮಳವಳ್ಳಿಗಳ ಹುಡುಗರ ಕೈಯಲ್ಲಿ ಇಂದು ಮೊಬೈಲಿದೆ. ಅದರಲ್ಲಿ ‘ಪೋಕರ್’ ಎಂಬ ಆಟದ ಪ್ರದರ್ಶನ ಕಾಣುತ್ತದೆ. ಹಸಿರು ಮೇಜು, ಬಣ್ಣಬಣ್ಣದ ಬಿಲ್ಲೆಗಳ ರಾಶಿ, ಕಪ್ಪು ಕನ್ನಡಕದ ಆಟಗಾರ, ಕಣ್ಣು ಮುಚ್ಚಿ ತೆರೆಯುವುದರಲ್ಲಿ ಲಕ್ಷಾಂತರ ಡಾಲರು. ನೋಡಿದವನಿಗೆ, ಇಷ್ಟೇನೆ, ಇದು ನನ್ನಿಂದಲೂ ಆದೀತು ಎನ್ನಿಸುತ್ತದೆ. ಆ ಅನ್ನಿಸಿಕೆ ಎಲ್ಲಿಂದ ಬಂತು ಎಂಬುದೇ ಇಂದಿನ ಪ್ರಶ್ನೆ.

ಈ ಪ್ರದರ್ಶನಗಳು ಸುಳ್ಳೆ, ನಿಜವೆ? ಎಲೆಗಳನ್ನೇ ಬದಲಾಯಿಸಿ ತೋರಿಸುತ್ತಾರೆ, ಎಲ್ಲವೂ ನಾಟಕ ಎಂದು ಕೆಲವರು ಹೇಳುತ್ತಾರೆ. ಕಣ್ಣಾರೆ ಕಂಡದ್ದು ಸುಳ್ಳಾಗುವುದು ಹೇಗೆ ಎಂದು ಉಳಿದವರು ಕೇಳುತ್ತಾರೆ. ನಮ್ಮ ಅಭಿಪ್ರಾಯ ಇವೆರಡೂ ಅಲ್ಲ. ತೋರಿಸಿದ ಎಲೆ ನಿಜ. ತೋರಿಸಿದ ಲೆಕ್ಕ ಸುಳ್ಳು. ಒಂದೊಂದು ತುಣುಕೂ ಸತ್ಯವಾಗಿದ್ದು, ತುಣುಕುಗಳನ್ನು ಹೊಲಿದ ಬಟ್ಟೆ ಅಸತ್ಯವಾಗಬಹುದು.

ನಾವು ಇಸ್ಪೀಟಿನ ಎಲೆಯನ್ನು ಕಂಡರೆ ಮೈಲಿಗೆ ಎನ್ನುವವರಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳಲ್ಲಿ ಹೊಸ ಹೊಸ ಆಟಗಳನ್ನೇ ಕಟ್ಟಿದ ಸೀಮೆ ನಮ್ಮದು. ಯುಗಾದಿ ಬಂದರೆ, ಹೊಸತೊಡಕು ಬಂದರೆ, ಅರಳಿಕಟ್ಟೆಯ ಮೇಲೆ ಎಲೆ ಹಾಕದ ಊರು ಈ ಸುತ್ತಿನಲ್ಲಿ ಎಷ್ಟಿವೆ? ಆದರೆ ಆ ಕಟ್ಟೆಯಲ್ಲಿ ಒಂದು ಗುಣವಿತ್ತು. ಗೆದ್ದವನನ್ನು ಕಂಡ ಊರು ಸೋತವನನ್ನೂ ಕಾಣುತ್ತಿತ್ತು. ಅವನು ವಾಚು ಅಡವಿಟ್ಟದ್ದು, ಹೆಂಡತಿ ಬಂದು ಅತ್ತದ್ದು, ಅಣ್ಣ ಬಂದು ರಟ್ಟೆ ಹಿಡಿದು ಎಳೆದುಕೊಂಡು ಹೋದದ್ದು ಎಲ್ಲರ ಕಣ್ಣೆದುರಿಗೇ ನಡೆಯುತ್ತಿತ್ತು. ಮಹಾಭಾರತದ ಜೂಜಿನಲ್ಲಿಯೂ ಹಾಗೆಯೇ. ಶಕುನಿಯ ಗೆಲವಿಗಿಂತ ಧರ್ಮರಾಯನ ಸೋಲೇ ನಮಗೆ ನೆನಪಿರುವುದು. ಟಿ.ವಿ. ಮಾಡಿದ್ದು ಏನೆಂದರೆ, ಆ ಸೋಲನ್ನು ಕತ್ತರಿಸಿ ಕೆಳಗೆ ಹಾಕಿದ್ದು.

ಪೋಕರ್ ಆಟವನ್ನು ಅರಿಯದವರಿಗಾಗಿ ಎರಡು ಮಾತು. ನಮ್ಮ ಮೂರೆಲೆಯ ದೂರದ ನೆಂಟ ಎನ್ನಬಹುದು. ಇಂದು ಹೆಚ್ಚಾಗಿ ಆಡುವ ಬಗೆಯಲ್ಲಿ ಪ್ರತಿಯೊಬ್ಬನಿಗೂ ಎರಡೆರಡು ಎಲೆ ಮುಚ್ಚಿ ಕೊಡುತ್ತಾರೆ. ನಡುವೆ ಐದು ಎಲೆಗಳನ್ನು ಹಂತಹಂತವಾಗಿ ಬಿಚ್ಚುತ್ತಾರೆ. ಪ್ರತಿ ಹಂತದಲ್ಲೂ ಪಣ ಏರುತ್ತದೆ. ಬೇಡವೆಂದವನು ಎಲೆ ಕೆಳಗಿಟ್ಟು ಪ್ಯಾಕು ಆಗುತ್ತಾನೆ. ಎದುರಾಳಿಯ ಎಲೆ ಕಾಣದೆ ಇರುವುದೇ ಆಟದ ಜೀವಾಳ.

ಹಿಂದೆ ಇದನ್ನು ಟಿ.ವಿ.ಯಲ್ಲಿ ತೋರಿಸಿದಾಗ ನೋಡುವವರಿಗೂ ಎಲೆಯ ಬೆನ್ನು ಮಾತ್ರ ಕಾಣುತ್ತಿದ್ದುದರಿಂದ ಬೇಸರ ಬರುತ್ತಿತ್ತು. ಆಗ ಹೆನ್ರಿ ಓರೆನ್‌ಸ್ಟೈನ್ ಎಂಬಾತ, ಆಟಗಾರನ ಮುಚ್ಚಿದ ಎಲೆಯನ್ನು ನೋಡುಗರಿಗೆ ಮಾತ್ರ ಕಾಣಿಸುವ ಕ್ಯಾಮರಾ ವ್ಯವಸ್ಥೆಗೆ 1995ರಲ್ಲಿ ಹಕ್ಕುಪತ್ರ ಪಡೆದ. ನಾಜಿಗಳ ಸೆರೆಶಿಬಿರಗಳಿಂದ ಬದುಕಿ ಬಂದು ಅಮೆರಿಕದಲ್ಲಿ ಮಕ್ಕಳ ಆಟಿಕೆಗಳನ್ನು ಕಂಡುಹಿಡಿದು ಹೆಸರಾದವನು ಆತ. 1999ರಲ್ಲಿ ಬ್ರಿಟನ್ನಿನ ಟಿ.ವಿ.ಯಲ್ಲಿ, 2003ರಿಂದ ಅಮೆರಿಕದಲ್ಲಿ, ಮುಚ್ಚಿದ ಎಲೆ ತೋರಿಸುವ ಈ ಬಗೆಯ ಪ್ರದರ್ಶನಗಳು ಜನಪ್ರಿಯವಾದವು.

ಇಲ್ಲಿ ಮೊದಲನೆಯ ಮೋಸ ಹುಟ್ಟುತ್ತದೆ. ಎಲ್ಲರ ಎಲೆಯೂ ನಮಗೆ ಕಾಣುತ್ತದೆ. ಯಾರು ಗೆಲ್ಲುವ ಸಂಭವ ನೂರಕ್ಕೆ ಎಷ್ಟೆಂಬುದನ್ನೂ ಪರದೆಯ ಮೇಲೆ ಬರೆದಿರುತ್ತಾರೆ. ಕೂತು ನೋಡುವವನು, ಅಯ್ಯೋ ದಡ್ಡ, ಅಲ್ಲಿ ಪಣ ಕಟ್ಟಬಾರದಾಗಿತ್ತು ಎನ್ನುತ್ತಾನೆ. ಮಂಡ್ಯದ ಮಾರುಕಟ್ಟೆಯ ಬೆಲ್ಲದ ವ್ಯಾಪಾರಿಗಳು ಇಲ್ಲಿದ್ದೀರಿ, ನೀವೇ ಹೇಳಿ. ಇಂದಿನ ಧಾರಣೆ ತಿಳಿದ ಮೇಲೆ ಮೊನ್ನೆಯ ದಿನ ಬೆಲ್ಲ ಕೊಳ್ಳಬೇಕಿತ್ತೆ, ಬಿಡಬೇಕಿತ್ತೆ ಎಂದು ಹೇಳಲು ಯಾವ ಜಾಣತನ ಬೇಕು? ಮೊನ್ನೆಯೇ ನಿಂತು ಮೊನ್ನೆಯೇ ತೀರ್ಮಾನಿಸುವುದು ವ್ಯಾಪಾರ. ಟಿ.ವಿ. ನೋಡುವವನಿಗೆ ನಾಳೆಯ ಧಾರಣೆ ಕೊಟ್ಟು, ನೀನೇ ಜಾಣ ವ್ಯಾಪಾರಿ ಎಂದು ಬೆನ್ನು ತಟ್ಟುತ್ತಾರೆ. ಅವನು ತನ್ನ ದುಡ್ಡು ಹಿಡಿದು ಆಟಕ್ಕೆ ಕೂತಾಗ ಮಾತ್ರ ಎದುರಿನವನ ಎಲೆ ಕಾಣುವುದಿಲ್ಲ.

ಎರಡನೆಯದು ಕತ್ತರಿಯ ಕೆಲಸ. ಒಂಬತ್ತು ಹತ್ತು ಮಂದಿಯ ಮೇಜಿನಲ್ಲಿ ಗಂಟೆಗೆ ಹೆಚ್ಚೆಂದರೆ ಮೂವತ್ತು ಆಟ ಮುಗಿಯುತ್ತವೆ. ಹತ್ತು ಗಂಟೆ ಆಡಿದರೆ ಮುನ್ನೂರು. ಒಂದು ಗಂಟೆಯ ಪ್ರದರ್ಶನದಲ್ಲಿ ಜಾಹೀರಾತು ಕಳೆದು ಉಳಿಯುವುದು ಮುಕ್ಕಾಲು ಗಂಟೆ. ಅದರಲ್ಲಿ ಇಪ್ಪತ್ತು ಆಟ ಹಿಡಿಸಿದರೆ ದೊಡ್ಡದು. ಉಳಿದ ಇನ್ನೂರ ಎಂಬತ್ತು ಎಲ್ಲಿ ಹೋದವು? ಅವುಗಳಲ್ಲಿ ಬಹುಪಾಲು ಏನೂ ಆಗಲಿಲ್ಲ. ಪಳಗಿದ ಆಟಗಾರ ತನಗೆ ಬಂದ ಎಲೆಗಳನ್ನು ನಾಲ್ಕರಲ್ಲಿ ಮೂರು ಸಲ ನೋಡಿದೊಡನೆ ಕೆಳಗಿಡುತ್ತಾನೆ. ಕೈಗೆ ಜೋಡಿ ಎಕ್ಕ ಬರುವುದು ಸರಾಸರಿ 221 ಆಟಕ್ಕೆ ಒಂದು ಸಲ, ಎಂದರೆ ಏಳೆಂಟು ಗಂಟೆಗಳ ಆಟಕ್ಕೆ ಒಮ್ಮೆ. ಟಿ.ವಿ.ಯಲ್ಲಾದರೋ ಅದು ಗಳಿಗೆಗೊಮ್ಮೆ ಬಂದಂತೆ ತೋರುತ್ತದೆ.

ಗಿರಣಿಯ ಸಂಗಾತಿಗಳಿಗೆ ಇದನ್ನು ವಿವರಿಸಬೇಕಿಲ್ಲ. ಮಂಡ್ಯದ ಸಕ್ಕರೆ ಕಂಪನಿ 1933ರಲ್ಲಿ ಹುಟ್ಟಿದಂದಿನಿಂದ ಈ ಜಿಲ್ಲೆ ಕಬ್ಬಿನ ಲೆಕ್ಕದಲ್ಲಿ ಬದುಕಿದೆ. ಹತ್ತು ಟನ್ನು ಕಬ್ಬು ಅರೆದರೆ ಹೆಚ್ಚುಕಡಮೆ ಒಂದು ಟನ್ನು ಸಕ್ಕರೆ. ಮಿಕ್ಕದ್ದು ನೀರು, ಸಿಪ್ಪೆ, ಮಡ್ಡಿ, ಕಾಕಂಬಿ. ಯಾರಾದರೂ ಸಿಪ್ಪೆಯನ್ನೂ ಕಾಕಂಬಿಯನ್ನೂ ಮರೆಮಾಡಿ, ಸಕ್ಕರೆಯ ಮೂಟೆಯನ್ನಷ್ಟೇ ತೋರಿಸಿ, ಕಬ್ಬೆಂದರೆ ಇದೇ, ಬರೀ ಸಕ್ಕರೆ ಎಂದರೆ ನೀವು ಅವನನ್ನು ಗೇಟಿನಿಂದ ಆಚೆ ಕಳಿಸುತ್ತೀರಿ. ಈ ಪ್ರದರ್ಶನ ಸಕ್ಕರೆಯ ಮೂಟೆ. ಅದು ನಿಜವಾದ ಸಕ್ಕರೆಯೇ. ಆದರೆ ಅದು ಕಬ್ಬಿನ ಲೆಕ್ಕವಲ್ಲ.

ಒಂದು ಉದಾಹರಣೆ ನೋಡೋಣ. 2003ರಲ್ಲಿ ಅಮೆರಿಕದ ಲಾಸ್ ವೇಗಸ್ಸಿನ ಪೋಕರ್ ಜಾಗತಿಕ ಪಂದ್ಯದಲ್ಲಿ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಪತ್ರದ ನೌಕರ 25 ಲಕ್ಷ ಡಾಲರು ಗೆದ್ದ. ಅವನ ಹೆಸರಿನ ಅರ್ಥವೇ ಹಣ ಮಾಡುವವನು, ನಿಜವಾದ ಹೆಸರು. ನೂರು ಡಾಲರಿಗೂ ಕಡಮೆ ಕೊಟ್ಟು ಅಂತರ್ಜಾಲದ ಆಟದಲ್ಲಿ ಗೆದ್ದು, ಹತ್ತು ಸಾವಿರ ಡಾಲರಿನ ಪ್ರವೇಶ ಪಡೆದಿದ್ದ. ಆ ಪಂದ್ಯವನ್ನು ಟಿ.ವಿ. ಮತ್ತೆ ಮತ್ತೆ ತೋರಿಸಿತು. ವಿವರಣೆಯ ಮಾತುಗಳನ್ನು, ಗೆದ್ದವರು ಯಾರೆಂದು ತಿಳಿದ ಮೇಲೆ, ಆಮೇಲೆ ಕೂತು ಸೇರಿಸಿದ್ದರು. ಗೆಲ್ಲುವವನ ಪ್ರತಿ ಹೆಜ್ಜೆಯೂ ಗೆಲ್ಲುವವನ ಹೆಜ್ಜೆಯಾಗಿಯೇ ಕಂಡಿತು.

ಇನ್ನು ಕಾಕಂಬಿಯ ಲೆಕ್ಕ. ಆ ಪಂದ್ಯಕ್ಕೆ ಸೇರಿದ್ದವರು 839 ಮಂದಿ. ಬಹುಮಾನದ ಹಣ ಮುಟ್ಟಿದ್ದು 63 ಮಂದಿಗೆ. ಬರಿಗೈಯಲ್ಲಿ ಹೋದವರು 776. ಸೇರಿದ ಹಣ 83 ಲಕ್ಷ 90 ಸಾವಿರ ಡಾಲರು. ಬಹುಮಾನವಾಗಿ ಹಂಚಿದ್ದು 78 ಲಕ್ಷ 2 ಸಾವಿರದ 700. ನೂರಕ್ಕೆ ಏಳರಷ್ಟನ್ನು ಆಟ ನಡೆಸಿದ ಮನೆ ಮೊದಲೇ ಎತ್ತಿಟ್ಟುಕೊಂಡಿತು. ಈ 776 ಮಂದಿಯಲ್ಲಿ ಎಷ್ಟು ಮಂದಿಯ ಮುಖ ನಾವು ಕಂಡೆವು? ಅದೇ ಪಂದ್ಯಕ್ಕೆ ಮರುವರ್ಷ ಬಂದವರು 2,576, ಅದರ ಮರುವರ್ಷ 5,619, 2006ರಲ್ಲಿ 8,773. ಮೂರೇ ವರ್ಷದಲ್ಲಿ ಹತ್ತು ಪಟ್ಟು. ಒಬ್ಬನ ಕತೆ ಸಾವಿರಾರು ಮಂದಿಯನ್ನು ಎಳೆತಂದಿತು. ಆ ಪ್ರದರ್ಶನಗಳ ನಡುವೆ ಜಾಹೀರಾತು ಕೊಡುತ್ತಿದ್ದ ಕಂಪನಿಗಳಲ್ಲಿ ಫುಲ್ ಟಿಲ್ಟ್ ಒಂದು. ಪರದೆಯ ಮೇಲೆ ವೀರರಂತೆ ಮೆರೆದ ಆಟಗಾರರಲ್ಲಿ ಕೆಲವರೇ ಅದರ ಒಡೆಯರು. ಆಟಗಾರರಿಗೆ ಅದು ಕೊಡಬೇಕಾದದ್ದು ಸುಮಾರು 39 ಕೋಟಿ ಡಾಲರು, ಬ್ಯಾಂಕಿನಲ್ಲಿ ಉಳಿದಿದ್ದದ್ದು ಸುಮಾರು 6 ಕೋಟಿ ಎಂದು 2011ರಲ್ಲಿ ಅಮೆರಿಕದ ಸರಕಾರಿ ವಕೀಲರು ಆರೋಪಿಸಿದರು. ತೋರಿಸುವವನು, ಆಡುವವನು, ಅಂಗಡಿಯಿಟ್ಟವನು ಮೂವರೂ ಒಂದೇ ಕಡೆ ಇದ್ದಾಗ ನೋಡುವವನ ಕಡೆಗೆ ಯಾರಿದ್ದಾರೆ?

ಇದಕ್ಕೊಂದು ಆಕ್ಷೇಪಣೆ ಬರುತ್ತದೆ. ಈಚೆಗೆ ಕತ್ತರಿಸದೆ, ಅರ್ಧ ಗಂಟೆ ತಡಮಾಡಿ, ಇಡೀ ಆಟವನ್ನೇ ತೋರಿಸುವ ಕ್ರಮವೂ ಬಂದಿದೆಯಲ್ಲ ಎನ್ನುತ್ತಾರೆ. ನಿಜ, ಅಮೆರಿಕದಲ್ಲಿ 2011ರಲ್ಲಿಯೇ ಅದನ್ನು ಮಾಡಿದರು. ಮೊದಲಿಗಿಂತ ಅದು ಪ್ರಾಮಾಣಿಕವೆಂದು ನಾವೂ ಒಪ್ಪುತ್ತೇವೆ. ಆದರೆ ಅಲ್ಲಿಯೂ ಕ್ಯಾಮರಾ ಇರುವುದು ನೂರಾರು ಮೇಜುಗಳಲ್ಲಿ ಒಂದೆರಡಕ್ಕೆ. ಕೊನೆಯ ಮೇಜನ್ನು ಪೂರ್ತಿ ತೋರಿಸಿದರೂ, ಅಲ್ಲಿಗೆ ಬರುವ ಮುನ್ನ ಎದ್ದುಹೋದ ಸಾವಿರಾರು ಮಂದಿ ಪರದೆಯ ಹೊರಗೇ ಉಳಿದರು. ಮೇಲಾಗಿ ನಮ್ಮ ಹುಡುಗರ ಮೊಬೈಲಿಗೆ ಬರುವುದು ಹತ್ತು ಗಂಟೆಯ ಆಟವಲ್ಲ, ಒಂದು ನಿಮಿಷದ ತುಣುಕು.

ನಮ್ಮ ನಾಡಿಗೆ ಬರೋಣ. ಲಾಟರಿಯನ್ನು ಕರ್ನಾಟಕ 2007ರಲ್ಲಿ ನಿಲ್ಲಿಸಿತು. ಮೊಬೈಲಿನ ರಮ್ಮಿ, ಪೋಕರ್ ಕಂಪನಿಗಳು ಬಂದು, ಇದು ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂದವು. ಅವರ ಕೈಗೆ ಆಧಾರವೂ ಇತ್ತು. ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1967ರಲ್ಲಿಯೇ ಹೇಳಿತ್ತು. 2021ರಲ್ಲಿ ರಾಜ್ಯ ತಂದ ನಿಷೇಧದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟು 2022ರ ಫೆಬ್ರವರಿ 14ರಂದು ತಳ್ಳಿಹಾಕಿತು. ಕೌಶಲದ ಆಟವೆಂದೇ ಇಟ್ಟುಕೊಳ್ಳೋಣ. ಕುಸ್ತಿಯೂ ಕೌಶಲದ ಆಟವೇ. ಅದಕ್ಕೆಂದು ಗರಡಿಯ ಪೈಲ್ವಾನನ ಎದುರಿಗೆ ಮನೆ ಅಡವಿಟ್ಟು ಅಖಾಡಕ್ಕೆ ಇಳಿಯುತ್ತೇವೆಯೆ? ಕೌಶಲದ ಆಟವೆಂದರೆ ಹೊಸಬ ಸೋಲುವುದು ಇನ್ನಷ್ಟು ಖಂಡಿತ ಎಂದೇ ಅರ್ಥ.

ಕೌಶಲಕ್ಕಿಂತ ಮೇಲಿನದು ಆಟ ಕೂಡಿಸಿದವನ ಪಾಲು. ಲೆಕ್ಕಕ್ಕಾಗಿ ಹೀಗೆ ಹಿಡಿಯಿರಿ. ಆರು ಮಂದಿ ತಲಾ ಸಾವಿರ ರೂಪಾಯಿ ತಂದು ಕೂತರು; ಒಟ್ಟು 6,000. ಪ್ರತಿ ಆಟಕ್ಕೂ ತಲಾ ನೂರು ಪಣ. ನೂರಕ್ಕೆ ಹತ್ತರಂತೆ ಆಟಕ್ಕೆ 60 ರೂಪಾಯಿ ಮನೆಯವನಿಗೆ. ಹತ್ತು ಆಟಕ್ಕೆ 600, ಐವತ್ತು ಆಟಕ್ಕೆ 3,000. ಅರ್ಧ ಹಣ ಹೋಯಿತು, ಇನ್ನೂ ಯಾರು ಜಾಣ, ಯಾರು ದಡ್ಡ ಎಂಬುದೇ ತೀರ್ಮಾನವಾಗಿಲ್ಲ. ಆರು ಮಂದಿ ಒಬ್ಬರನ್ನೊಬ್ಬರು ದೋಚಿಕೊಳ್ಳುತ್ತಿದ್ದೇವೆಂದು ತಿಳಿದಿರುತ್ತಾರೆ. ಒಂದು ಎಲೆಯನ್ನೂ ಮುಟ್ಟದ ಏಳನೆಯವನು ಆರು ಮಂದಿಯನ್ನೂ ದೋಚುತ್ತಿರುತ್ತಾನೆ. ಬಂಡವಾಳಶಾಹಿಯ ಪಾಠವನ್ನು ಇದಕ್ಕಿಂತ ಸುಲಭವಾಗಿ ಹೇಳಿಕೊಡಲು ನಮಗೆ ಬಾರದು.

ಜಾಹೀರಾತಿಗೆ ನಿಯಮಗಳೇ ಇರಲಿಲ್ಲವೆಂದಲ್ಲ. 2020ರ ಡಿಸೆಂಬರಿನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಟಿ.ವಿ. ವಾಹಿನಿಗಳಿಗೆ ಸೂಚನೆ ಕಳಿಸಿ, ಹಣ ಕಳೆಯುವ ಅಪಾಯವುಂಟು, ಚಟ ಹತ್ತಬಹುದು ಎಂಬ ಎಚ್ಚರಿಕೆ ಇರಬೇಕೆಂದೂ, ಇದನ್ನು ಸಂಪಾದನೆಯ ದಾರಿಯೆಂದು ತೋರಿಸಬಾರದೆಂದೂ ಹೇಳಿತು. ಎಚ್ಚರಿಕೆ ಬಂತು, ಓಡುವ ರೈಲಿನ ಕಿಟಕಿಯಿಂದ ಕಂಡ ಊರಿನ ಹೆಸರಿನಂತೆ ಬಂದು ಹೋಯಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಅಂತರ್ಜಾಲದ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾನೂನು ಮಾಡಿತು. ನಡೆಸುವವನಿಗೆ ಮೂರು ವರ್ಷದವರೆಗೆ, ಜಾಹೀರಾತು ಕೊಡುವವನಿಗೆ ಎರಡು ವರ್ಷದವರೆಗೆ ಸೆರೆ. ಆಡುವವನಿಗೆ ಶಿಕ್ಷೆಯಿಲ್ಲ. ಇದು ಸರಿಯಾದ ನ್ಯಾಯವೆಂದು ನಾವು ಹೇಳುತ್ತೇವೆ. ಕಂಪನಿಗಳು ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಿದವು. ಜನ ವರ್ಷಕ್ಕೆ 20,000 ಕೋಟಿ ರೂಪಾಯಿಗೂ ಮೇಲೆ ಕಳೆದುಕೊಂಡಿದ್ದಾರೆಂದು ಮಸೂದೆ ತಂದಾಗ ಸರಕಾರವೇ ಅಂದಾಜು ಹೇಳಿತು. ಇಷ್ಟು ಹಣ ಹೋಗುವವರೆಗೆ ಕಾದದ್ದೇಕೆ ಎಂಬ ಪ್ರಶ್ನೆಯನ್ನು ನಾವು ಬಿಡುವುದಿಲ್ಲ.

ಕಾನೂನು ಅಂಗಡಿಯನ್ನು ಮುಚ್ಚಿಸೀತು, ಆಸೆಯನ್ನು ಮುಚ್ಚಿಸಲಾರದು. ತಿಂಗಳಿಡೀ ದುಡಿದರೂ ಸಾಲ ತೀರದವನಿಗೆ, ದಿನವಿಡೀ ಕೂತರೂ ಬಾಡಿಗೆ ಹುಟ್ಟದ ಅಂಗಡಿಯವನಿಗೆ, ಒಂದು ರಾತ್ರಿಯಲ್ಲಿ ಎಲ್ಲ ಸರಿಹೋಗುತ್ತದೆ ಎಂಬ ಮಾತು ಸಿಹಿಯಾಗಿಯೇ ಕೇಳುತ್ತದೆ. ಅವನನ್ನು ದುರಾಸೆಯವನೆಂದು ಬಯ್ಯುವುದು ಸುಲಭ, ಅದು ಅನ್ಯಾಯ ಕೂಡ. ನ್ಯಾಯವಾದ ಕೂಲಿ, ಸಕಾಲಕ್ಕೆ ಬರುವ ಕಬ್ಬಿನ ಹಣ, ಕಡಮೆ ಬಡ್ಡಿಯ ಸಹಕಾರಿ ಸಾಲ ಇವು ದೊರೆತ ದಿನ ಆ ಮಾತಿನ ಸಿಹಿ ಕಡಮೆಯಾಗುತ್ತದೆ.

ಅಲ್ಲಿಯವರೆಗೆ ನಮ್ಮ ಬೇಡಿಕೆ ಇಷ್ಟು. ಇಂಥ ಆಟವನ್ನು ಯಾರು ತೋರಿಸಿದರೂ, ಆಟ ಎಷ್ಟು ಗಂಟೆ ನಡೆಯಿತು, ತೋರಿಸಿದ್ದು ಎಷ್ಟು, ಎಷ್ಟು ಮಂದಿ ಹಣ ಕಟ್ಟಿದರು, ಎಷ್ಟು ಮಂದಿ ಬರಿಗೈಯಲ್ಲಿ ಹೋದರು, ನಡೆಸಿದವನ ಪಾಲೆಷ್ಟು ಎಂಬ ಐದು ಲೆಕ್ಕವನ್ನು ನೋಡುವವರ ಭಾಷೆಯಲ್ಲಿ, ದೊಡ್ಡ ಅಕ್ಷರದಲ್ಲಿ ಕೊಡಬೇಕು. ತೂಕದ ಯಂತ್ರಕ್ಕೆ ಮುದ್ರೆ ಹಾಕಿಸದೆ ಸಣ್ಣ ವ್ಯಾಪಾರಿ ಒಂದು ಕಿಲೋ ಅಕ್ಕಿ ಮಾರುವಂತಿಲ್ಲ. ಲಕ್ಷಾಂತರ ಮಂದಿಗೆ ಆಸೆ ಮಾರುವವನ ತಕ್ಕಡಿಗೆ ಮುದ್ರೆ ಬೇಡವೆ?

ನಿಮ್ಮಲ್ಲಿ ನಮ್ಮದೊಂದು ಕೋರಿಕೆಯೂ ಉಂಟು. ನಿಮ್ಮ ಪಾಳಿಯಲ್ಲಿ, ನಿಮ್ಮ ಬೀದಿಯಲ್ಲಿ, ಸೋತು ಬಾಯಿ ಬಿಡದೆ ಕೂತಿರುವ ಹುಡುಗನೊಬ್ಬ ಇದ್ದಾನು. ಅವನನ್ನು ನಗೆಪಾಟಲು ಮಾಡಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಎಷ್ಟು ಹೋಯಿತು, ಯಾರ ಹತ್ತಿರ ಸಾಲವಿದೆ ಎಂದು ಕೇಳಿ. ಅವನ ಹಾಗೆ ಸೋತವರು ಎಷ್ಟೋ ಮಂದಿ ಇದ್ದಾರೆ, ಅವರನ್ನು ತೋರಿಸಲಿಲ್ಲ ಅಷ್ಟೆ ಎಂದು ತಿಳಿಸಿಹೇಳಿ. ಪರದೆ ಮುಚ್ಚಿಟ್ಟ ಲೆಕ್ಕವನ್ನು ನಾವಾದರೂ ಬಿಚ್ಚಿ ಹೇಳೋಣ.