ಸಂತಳ ಟೊಪ್ಪಿ

ನೆದರ್‌ಲೆಂಡ್ಸ್‌ನ ಉಡೆನ್ ಎಂಬ ಊರಿನಲ್ಲಿ ಸನ್ಯಾಸಿನಿಯರು ಕಾಪಾಡಿಕೊಂಡು ಬಂದ ಒಂದು ಹಳೆಯ ಟೊಪ್ಪಿ ಇದೆ. ಅಗಸೆನಾರಿನ ಬಿಳಿ ಬಟ್ಟೆಯದು. 1373ರಲ್ಲಿ ರೋಮ್‌ನಲ್ಲಿ ತೀರಿಕೊಂಡ ಸ್ವೀಡನ್ನಿನ ಸಂತ ಬಿರ್ಗಿಟ್ಟಾ ತೊಡುತ್ತಿದ್ದದ್ದು ಎಂಬ ನಂಬಿಕೆ. ಅದೇನೇ ಇರಲಿ, ಹೊಲಿದ ಕೈ ಮಾತ್ರ ಸಾಮಾನ್ಯದ್ದಲ್ಲ.

ಟೊಪ್ಪಿಗೆ ಎರಡೇ ತುಂಡು ಬಟ್ಟೆ. ನಡುನೆತ್ತಿಯಲ್ಲಿ ಅವನ್ನು ಸುಮ್ಮನೆ ಜೋಡಿಸಿ ಹೊಲಿದು ಮುಗಿಸಬಹುದಿತ್ತು. ಹೊಲಿದಾಕೆ ಹಾಗೆ ಮಾಡದೆ, ಅಂಚುಗಳ ನಡುವೆ ಸಂದು ಬಿಟ್ಟು ದಾರವನ್ನು ಅತ್ತಿಂದಿತ್ತ ಹೆಣೆದು ಜಾಲರಿ ಕಟ್ಟಿದ್ದಾಳೆ. ಕತ್ತಿನ ಬಳಿ ಸಣ್ಣ ನೆರಿಗೆಗಳು. ಅಂಚಿನ ಪಟ್ಟಿ ಹಿಂದೆ ಉದ್ದನೆಯ ಕುಣಿಕೆಯಾಗುತ್ತದೆ. ಅದನ್ನು ತಿರುಚಿ ತಲೆಯ ಮೇಲಕ್ಕೆ ತಂದರೆ ಟೊಪ್ಪಿ ಬಿಗಿಯಾಗಿ ಕೂರುತ್ತದೆ. ಗುಂಡಿಯೂ ಬೇಡ, ಗಂಟೂ ಬೇಡ.

ಇಂಥ ಟೊಪ್ಪಿಯ ಮೇಲೆ ಮುಸುಕು ಹೊದ್ದರೆ ಜಾಲರಿ ಯಾರ ಕಣ್ಣಿಗೂ ಬೀಳದು. ಆದರೂ ಹೆಣೆದಳಲ್ಲ, ಆ ಹಟವೇ ನನಗಿಷ್ಟ.

ಇಂದಿಗೂ ಯುರೋಪು, ಅಮೆರಿಕದಲ್ಲಿ ಹವ್ಯಾಸಿಗಳು ಇಂಥದೇ ಟೊಪ್ಪಿಯನ್ನು ಕೈಯಲ್ಲೇ ಹೊಲಿಯುತ್ತಾರೆ. ಮನೆಯ ಹೊಲಿಗೆ ಯಂತ್ರಕ್ಕೆ ಆ ಹೆಣಿಗೆ ಒಗ್ಗುವುದಿಲ್ಲ. ದಾರ ಉದ್ದಕ್ಕೂ ಒಂದೇ ಬಿಗಿಯಲ್ಲಿರಬೇಕು. ಒಂದೆಡೆ ಜಗ್ಗಿದರೂ ನೆತ್ತಿ ಸುಕ್ಕಾಗುತ್ತದೆ, ಬಿಚ್ಚಿ ಮತ್ತೆ ಶುರುಮಾಡಬೇಕು.